ಬಂಗುಡೆಯ ವಯಸ್ಸು ಹೇಳುವ ಬೆಳಕು

ಬೆಳಗಿನ ಜಾವ ಮಂಗಳೂರಿನ ದಕ್ಕೆಗೆ ಇಳಿದರೆ ಕಣ್ಣಿಗಿಂತ ಮೊದಲು ಕಿವಿ ತುಂಬುತ್ತದೆ. ಐಸ್ ಗಡ್ಡೆ ಪುಡಿ ಮಾಡುವ ಯಂತ್ರದ ಗರಗರ, ಸಿಮೆಂಟು ನೆಲದ ಮೇಲೆ ಎಳೆದೊಯ್ಯುವ ಪ್ಲಾಸ್ಟಿಕ್ ಕ್ರೇಟುಗಳ ಕರಕರ, ದಾರಿ ಬಿಡದವರ ಮೇಲೆ ಟೆಂಪೋದವರ ಹಾರ್ನು, ಇವೆಲ್ಲದರ ಮೇಲೆ ಏಲಂ ಕೂಗುವವನ ಒಂದೇ ಉಸಿರಿನ ಲೆಕ್ಕ. ಕಾಲ ಕೆಳಗೆ ಐಸ್ ನೀರು ಹರಿಯುತ್ತದೆ. ಅದರಲ್ಲಿ ಮೀನಿನ ರಕ್ತ, ಹುರುಪೆ, ಸ್ವಲ್ಪ ಡೀಸೆಲ್. ನದಿಯಾಚೆ ಬೆಂಗ್ರೆಯ ದೀಪಗಳು ಇನ್ನೂ ಆರಿಲ್ಲ. ಅಳಿವೆ ಬಾಗಿಲು ದಾಟಿ ಬಂದ ಬೋಟುಗಳು ಒಂದರ ಪಕ್ಕ ಒಂದು ಒತ್ತಿ ನಿಂತು, ಇಳಿಸುವ ಸರದಿಗೆ ಕಾಯುತ್ತಿವೆ.

ಟ್ಯೂಬ್‌ಲೈಟಿನ ಕೆಳಗೆ ರಾಶಿಗಳು. ಬೆನ್ನು ನೀಲಿ ಹಸಿರು, ಅದರ ಮೇಲೆ ಕಪ್ಪು ಗೀಟುಗಳು, ಹೊಟ್ಟೆ ಬೆಳ್ಳಿ: ಇದು ಬಂಗುಡೆ. ಅದಕ್ಕಿಂತ ಸಣ್ಣದು, ಎಣ್ಣೆಯ ಹೊಳಪಿನದು ಬೂತಾಯಿ. ನಸುಗೆಂಪು ಮದ್ಮಲ್, ಉದ್ದನೆಯ ಪಾಂಬೋಲ್, ಮಸಿ ಕಕ್ಕುವ ಬೊಂಡಾಸ್, ಮೀಸೆ ಅಲ್ಲಾಡುವ ಎಟ್ಟಿ. ಅಂಜಲಿಗೆ ಮಾತ್ರ ಪ್ರತ್ಯೇಕ ಜಾಗ, ಪ್ರತ್ಯೇಕ ಗೌರವ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ 61 ದಿನ ಬಿಟ್ಟರೆ ಈ ಗದ್ದಲ ಹೆಚ್ಚುಕಡಿಮೆ ನಿತ್ಯದ್ದು.

ಇಲ್ಲಿ ಒಂದೇ ರಾಶಿಯಲ್ಲಿ ಬೇರೆ ಬೇರೆ ವಯಸ್ಸಿನ ಮೀನು ಮಲಗಿರುತ್ತದೆ. ಪರ್ಸೀನ್ ಬೋಟು ಬೆಳಗ್ಗೆ ಹೋಗಿ ಅದೇ ದಿನ ಮರಳಬಹುದು. ಆಳಸಮುದ್ರದ ಟ್ರಾಲ್ ಬೋಟು ಹಾಗಲ್ಲ. ಹೊರಟರೆ ವಾರ, ಹತ್ತು ದಿನ. ಮೊದಲ ದಿನದ ಬಲೆಗೆ ಬಿದ್ದದ್ದು ಐಸಿನಡಿ ತಳದಲ್ಲಿ, ಕೊನೆಯ ರಾತ್ರಿಯದ್ದು ಮೇಲೆ. ಎರಡೂ ಒಂದೇ ದಿನ ದಕ್ಕೆಗೆ ಇಳಿಯುತ್ತವೆ, ಎರಡನ್ನೂ ‘ಇವತ್ತಿನ ಮೀನು’ ಎಂದೇ ಕೂಗುತ್ತಾರೆ. ಬೋಟು ಇವತ್ತು ಬಂತಲ್ಲ, ಆ ಲೆಕ್ಕದಲ್ಲಿ ಸುಳ್ಳೂ ಅಲ್ಲ.

ಸುಳ್ಳೋ ನಿಜವೋ ಎಂದು ತೀರ್ಮಾನಿಸುವುದು ಬೆರಳು. ಮೀನು ಮಾರುವ ಹೆಂಗಸರು ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಎತ್ತುವ ರೀತಿ ನೋಡಬೇಕು. ಬಾಲ ಹಿಡಿದು ಎತ್ತಿದಾಗ ಮೈ ನೆಟ್ಟಗೆ ನಿಂತಿತೆ, ಬಾಗಿತೆ? ಕಣ್ಣು ಉಬ್ಬಿದೆಯೆ, ಒಳಕ್ಕೆ ಇಳಿದಿದೆಯೆ? ಹೆಬ್ಬೆರಳು ಒತ್ತಿದ ಕಡೆ ಕುಳಿ ತುಂಬಿ ಬಂತೆ? ಕೊನೆಗೆ ಕಿವಿರಿನ ಮುಚ್ಚಳ ತೆರೆದು ಬಣ್ಣ ನೋಡುವುದು, ಮೂಗಿನ ಹತ್ತಿರ ತರುವುದು. ಇಷ್ಟಕ್ಕೂ ಎರಡು ಸೆಕೆಂಡು ಸಾಕು. ಬಳಿಕ ಅದೇ ಮೀನು ಪೇಟೆಯ ಮಾರುಕಟ್ಟೆಗೆ ಹೋದಾಗ ಇನ್ನೊಂದು ಸುತ್ತಿನ ವಿಚಾರಣೆ.

“ಕಿವಿ ತೆಗ್ದು ನೋಡಿ ಮಾರಾಯ್ರೆ, ಕೆಂಪು ಉಂಟಲ್ಲ?”

“ಕೆಂಪು ಉಂಟು ಅಕ್ಕ. ಹೊಟ್ಟೆ ಎಂತ ಇಷ್ಟು ಮೆದು?”

“ಅದು ಬಲೆಯಲ್ಲಿ ಒತ್ತಿ ಆದದ್ದು. ಬೇಕಾದ್ರೆ ತಕೊಳ್ಳಿ, ಬೇಡದಿದ್ರೆ ಒತ್ತಿ ಒತ್ತಿ ನನ್ನ ಮೀನು ಹಾಳು ಮಾಡ್ಬೇಡಿ.”

ಈ ಬೆರಳಿನ ವಿದ್ಯೆಯನ್ನು ವಿಜ್ಞಾನ ಕೀಳಾಗಿ ಕಂಡಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಲ್ಲಿ 1929ರಲ್ಲಿ ಶುರುವಾದ ಟಾರಿ ಸಂಶೋಧನಾ ಕೇಂದ್ರ, ಬೇಯಿಸಿದ ಮೀನಿನ ವಾಸನೆ ಮತ್ತು ರುಚಿಗೆ ಅಂಕ ಕೊಡುವ ಕ್ರಮವನ್ನೇ ಮಾಡಿತು. ತೀರಾ ತಾಜಾ ಮೀನಿಗೆ 10, ಕೆಟ್ಟದ್ದಕ್ಕೆ 3. ತರಬೇತಾದ ಮೂಗುಗಳು ಕೊಟ್ಟ ಆ ಅಂಕಗಳೇ ಇಂದಿಗೂ ಎಷ್ಟೋ ಯಂತ್ರಗಳಿಗೆ ಒರೆಗಲ್ಲು. ಆದರೆ ಮೂಗಿಗೆ ದಣಿವಿದೆ. ದಕ್ಕೆಯಲ್ಲಿ ಕಾಲು ಗಂಟೆ ನಿಂತವರಿಗೆ ವಾಸನೆಯೇ ತಿಳಿಯದಾಗುತ್ತದೆ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಟೇಪು ಸುತ್ತಿಸಿಕೊಂಡು ರಾತ್ರಿ ಲಾರಿಯಲ್ಲಿ ಘಾಟಿ ಹತ್ತುವ ಮೀನಿನ ಕಿವಿರು ತೆರೆದು ನೋಡುವವರೂ ಯಾರಿಲ್ಲ. ಕಳೆದ ಕೆಲವು ದಶಕಗಳಲ್ಲಿ ರಸಾಯನಶಾಸ್ತ್ರಜ್ಞರು ಕೈಹಾಕಿರುವುದು ಈ ಜಾಗಕ್ಕೆ: ಮುಚ್ಚಿದ ಪೆಟ್ಟಿಗೆಯೊಳಗೆ ಕೂತು, ಮೀನಿನ ಉಸಿರನ್ನು ಹಿಡಿದು, ಬೆಳಕಿನಲ್ಲಿ ಉತ್ತರ ಹೇಳುವ ಒಂದು ಚೂರು ಕಾಗದ.

ಅದು ಏನನ್ನು ಹಿಡಿಯಬೇಕು ಎಂಬುದಕ್ಕೆ ಸತ್ತ ಮೀನಿನೊಳಗೆ ಒಮ್ಮೆ ಇಣುಕಬೇಕು. ಪ್ರಾಣ ಹೋದ ಮೇಲೂ ಸ್ನಾಯು ಸ್ವಲ್ಪ ಹೊತ್ತು ತನ್ನ ಕೆಲಸ ನಡೆಸುತ್ತದೆ. ಶಕ್ತಿಯ ಅಣು ಎಟಿಪಿ ಹಂತಹಂತವಾಗಿ ಕಳಚಿ ಐಎಂಪಿ ಎಂಬ ವಸ್ತುವಾಗುತ್ತದೆ. ತಾಜಾ ಮೀನಿನ ಸಿಹಿಗೂಡಿದ ರುಚಿಗೆ ಇದರ ಪಾಲು ದೊಡ್ಡದು. ಅದು ಇನ್ನೂ ಕಳಚಿದರೆ ಇನೋಸಿನ್, ಕೊನೆಗೆ ಹೈಪೊಕ್ಸಾಂಥೀನ್. ಅಲ್ಲಿಗೆ ರುಚಿ ಸಪ್ಪೆ, ಆಮೇಲೆ ಕಹಿ. 1959ರಲ್ಲಿ ಜಪಾನಿನ ಸಂಶೋಧಕರು ಈ ಕಳಚುವಿಕೆಯನ್ನೇ ಶೇಕಡಾ ಲೆಕ್ಕಕ್ಕೆ ಇಳಿಸಿ ‘ಕೆ ಮೌಲ್ಯ’ ಎಂದು ಕರೆದರು. ಹಸಿಯಾಗಿ ತಿನ್ನುವ ಸಾಶಿಮಿಗೆ ಅದು 20ರೊಳಗೆ ಇರಬೇಕು ಎಂಬುದು ಅಲ್ಲಿನ ರೂಢಿ. ಇಷ್ಟರಲ್ಲಿ ವಾಸನೆಯ ಸುಳಿವೇ ಇರುವುದಿಲ್ಲ. ಮೂಗು ಎಚ್ಚರಾಗುವ ಮೊದಲೇ ಮೀನು ಮುದಿಯಾಗಲು ತೊಡಗಿರುತ್ತದೆ.

ವಾಸನೆ ಬ್ಯಾಕ್ಟೀರಿಯಾದ ಕೊಡುಗೆ. ಸಮುದ್ರದ ಮೀನು ಉಪ್ಪುನೀರಿನ ಸೆಳೆತವನ್ನು ತಾಳಿಕೊಳ್ಳಲು ಮೈಯಲ್ಲಿ ಟ್ರೈಮಿಥೈಲಮೈನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವನ್ನು ಕೂಡಿಟ್ಟಿರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದರಿಂದ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಉಳಿಯುವುದು ಟ್ರೈಮಿಥೈಲಮೈನ್, ನಾವು ‘ಮೀನಿನ ವಾಸನೆ’ ಎನ್ನುವುದು ಅದನ್ನೇ. ಹೊಳೆ ಕೆರೆಯ ಮೀನಿನಲ್ಲಿ ಆ ಆಕ್ಸೈಡ್ ತೀರಾ ಕಡಿಮೆ, ಹಾಗಾಗಿ ಅದು ಕೆಡುವಾಗಿನ ವಾಸನೆಯೇ ಬೇರೆ. ಜೊತೆಗೆ ಅಮೋನಿಯ, ಇನ್ನೂ ಮುಂದೆ ಹೋದರೆ ಜರ್ಮನಿಯ ವೈದ್ಯ ಲುಡ್ವಿಗ್ ಬ್ರೀಗರ್ 1885ರಲ್ಲಿ ಬೇರ್ಪಡಿಸಿ ಹೆಸರಿಟ್ಟ ಪುಟ್ರೆಸಿನ್ ಮತ್ತು ಕಡಾವರಿನ್. ಇವೆಲ್ಲ ಅಮೈನ್ ಎಂಬ ಒಂದೇ ಮನೆತನದವು, ಎಲ್ಲವೂ ಕ್ಷಾರಗುಣದವು. ನಮ್ಮ ಅಡುಗೆಮನೆಯಲ್ಲಿ ಮೀನಿಗೆ ಹುಣಸೆಹುಳಿ ಉಜ್ಜಿ ತೊಳೆಯುವುದಕ್ಕೆ, ಹುರಿದ ಮೀನಿಗೆ ನಿಂಬೆ ಹಿಂಡುವುದಕ್ಕೆ ಕಾರಣ ಇಲ್ಲಿದೆ: ಹುಳಿ ಸೇರಿದರೆ ಅಮೈನ್ ಲವಣವಾಗಿ ಗಾಳಿಗೆ ಹಾರುವುದನ್ನು ಬಿಡುತ್ತದೆ. ವಾಸನೆ ಹೋಗುತ್ತದೆ. ವಯಸ್ಸು ಹೋಗುವುದಿಲ್ಲ.

ಕ್ಷಾರ ಮುಟ್ಟಿದರೆ ಬಣ್ಣ ಬದಲಿಸುವ ವಸ್ತುವೊಂದು ಪ್ರತಿ ಮನೆಯ ಡಬ್ಬಿಯಲ್ಲಿದೆ. ಆರತಿಯ ಓಕುಳಿ ನೀರಿಗೆ ಅರಿಸಿನ ಕದಡಿ ಚಿಟಿಕೆ ಸುಣ್ಣ ಹಾಕಿದೊಡನೆ ಹಳದಿ ಹೋಗಿ ಕೆಂಪು ಬರುವುದನ್ನು ಕಾಣದವರು ಯಾರು? ಅದು ಅರಿಸಿನದ ಕರ್ಕ್ಯುಮಿನ್ ಮಾಡುವ ಕೆಲಸ. ಇಂಡೊನೇಷ್ಯದ ಜೆಂಬರ್ ವಿಶ್ವವಿದ್ಯಾಲಯದ ಬಂಬಾಂಗ್ ಕುಸ್ವಂಡಿ ಮತ್ತು ಸಂಗಡಿಗರು 2012ರಲ್ಲಿ ಇದೇ ಕರ್ಕ್ಯುಮಿನ್ ಹೀರಿಸಿದ ಸ್ಟಿಕರನ್ನು ಸಿಗಡಿಯ ಪೊಟ್ಟಣದೊಳಗೆ ಇಟ್ಟು, ಸಿಗಡಿ ಕೆಡುತ್ತಾ ಹೋದಂತೆ ಹಳದಿ ಕೆಂಪಾಗುವುದನ್ನು ತೋರಿಸಿದರು. ಚೆಂದದ ಕೆಲಸ, ಅಗ್ಗದ್ದು, ವಿಷವಿಲ್ಲದ್ದು. ತೊಡಕಿರುವುದು ನಡುವಿನ ಹೊತ್ತಿನಲ್ಲಿ. ಹಳದಿ ಎಲ್ಲಿ ಮುಗಿಯಿತು, ಕಿತ್ತಳೆ ಎಲ್ಲಿ ಶುರುವಾಯಿತು? ಟ್ಯೂಬ್‌ಲೈಟಿನಡಿ ಒಂದು ಥರ, ಬಿಸಿಲಿನಲ್ಲಿ ಒಂದು ಥರ. ಮಾರುವವರ ಕಣ್ಣಿಗೆ ಅದು ಹಳದಿ, ಕೊಳ್ಳುವವರ ಕಣ್ಣಿಗೆ ಕೆಂಪು. ಜಗಳ ಮತ್ತೆ ಕಿವಿರಿನ ಬಣ್ಣಕ್ಕೇ ಬಂದು ನಿಂತಂತಾಯಿತು.

ಹಾಗಾಗಿ ಪ್ರತಿದೀಪ್ತಿ. ಕೆಲವು ಅಣುಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನುಂಗಿ, ಸ್ವಲ್ಪ ಶಕ್ತಿಯನ್ನು ತಾವೇ ಇಟ್ಟುಕೊಂಡು, ಉಳಿದದ್ದನ್ನು ಕಾಣುವ ಬಣ್ಣವಾಗಿ ಹೊರಗೆ ಬಿಡುತ್ತವೆ. ಮಲೇರಿಯಾ ಔಷಧಿ ಕ್ವಿನೈನಿನ ನೀರು ಹೀಗೆ ನೀಲಿಯಾಗಿ ಬೆಳಗುವುದನ್ನು ಕೂಲಂಕಷವಾಗಿ ನೋಡಿ ಬ್ರಿಟನ್ನಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ವಿವರಿಸಿದರು. ನಂಬಿಕೆ ಬಾರದಿದ್ದರೆ, ಅಂಗಡಿಯವರು ನೋಟು ಪರೀಕ್ಷಿಸಲು ಇಟ್ಟುಕೊಳ್ಳುವ ನೇರಳೆ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಕಂದು ಬಣ್ಣದ ನಾಟಿ ಮೊಟ್ಟೆಯ ಮೇಲೆ ಬಿಟ್ಟು ನೋಡಿ (ಕಣ್ಣಿಗೆ ಮಾತ್ರ ಬಿಡಬೇಡಿ). ಚಿಪ್ಪು ಕೆಂಪಾಗಿ ಹೊಳೆಯುತ್ತದೆ. ಪ್ರೊಟೊಪಾರ್ಫಿರಿನ್ ಎಂಬ ವರ್ಣದ್ರವ್ಯದ ಕೆಂಪು ಅದು. ನಮ್ಮ ರಕ್ತದ ಹೀಮ್ ತಯಾರಾಗುವುದೂ ಅದಕ್ಕೆ ಕಬ್ಬಿಣ ಸೇರಿದ ಮೇಲೆ. ಕತ್ತಲಿನ ಹಿನ್ನೆಲೆಯಲ್ಲಿ ಬೆಳಕು ಮೂಡುವುದರಿಂದ ತೀರಾ ಸಣ್ಣ ಪ್ರಮಾಣವೂ ಎದ್ದು ಕಾಣುತ್ತದೆ. ಬರೀ ಬಣ್ಣದ ಕಾಗದಕ್ಕೆ ಈ ಅನುಕೂಲವಿಲ್ಲ.

ಇಲ್ಲಿ ಒಂದು ಅಡ್ಡಮಾತು. ಕೆಟ್ಟ ಮೀನು ಟಾರ್ಚೇ ಇಲ್ಲದೆ ತಾನಾಗಿ ಬೆಳಗಿದ ಸಂಗತಿಯೂ ಚರಿತ್ರೆಯಲ್ಲಿದೆ. ಕತ್ತಲಲ್ಲಿ ಹೊಳೆಯುವ ಮೀನನ್ನು ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯಲ್ಲಿಟ್ಟು, ತನ್ನ ಪಂಪಿನಿಂದ ಗಾಳಿ ತೆಗೆದು, ಹೊಳಪು ಕುಂದುವುದನ್ನೂ ಗಾಳಿ ಬಿಟ್ಟಾಗ ಮರಳುವುದನ್ನೂ 1668ರಲ್ಲಿ ಪ್ರಕಟಿಸಿದ್ದ. ಆ ಹೊಳಪು ಬ್ಯಾಕ್ಟೀರಿಯಾದ್ದು ಎಂದು ತಿಳಿಯಲು ಲೋಕ ಇನ್ನೂ ಎರಡು ಶತಮಾನ ಕಾಯಬೇಕಾಯಿತು. ಹಾಗೆ ಬೆಳಗುವ ಫೋಟೊಬ್ಯಾಕ್ಟೀರಿಯಂ ಜಾತಿಯೊಂದು ತಣ್ಣೀರಿನ ಕಾಡ್ ಮೀನನ್ನು ಪೊಟ್ಟಣದೊಳಗೆ ಕೆಡಿಸಿ ಟ್ರೈಮಿಥೈಲಮೈನ್ ಹುಟ್ಟಿಸುವ ಮುಖ್ಯ ಅಪರಾಧಿಯೂ ಹೌದು. ಆದರೆ ಎಲ್ಲ ಕೆಟ್ಟ ಮೀನೂ ಹೀಗೆ ತಾನೇ ದೀಪ ಹಚ್ಚಿಕೊಳ್ಳುವುದಿಲ್ಲವಲ್ಲ.

ದೀಪ ಹಚ್ಚಿಸುವ ಕೆಲಸವನ್ನು ಸೊಗಸಾಗಿ ಮಾಡಿದ್ದು ಬೀಜಿಂಗಿನ ಒಂದು ತಂಡ. ಚೀನಾದ ವಿಜ್ಞಾನ ಅಕಾಡೆಮಿಯ ರಸಾಯನಶಾಸ್ತ್ರ ಸಂಸ್ಥೆಯವರು 2019ರಲ್ಲಿ ‘ನೇಚರ್ ಕಮ್ಯೂನಿಕೇಷನ್ಸ್’ ಪತ್ರಿಕೆಯಲ್ಲಿ ಸಿಗಡಿ ಮತ್ತು ಏಡಿಯ ತಾಜಾತನ ತೋರಿಸುವ ಒಂದು ಪೊರೆಯನ್ನು ವಿವರಿಸಿದರು. ಮೂಲ ವಸ್ತು ಸೆಲ್ಯುಲೋಸ್ ಅಸಿಟೇಟ್, ಅಂದರೆ ಗಿಡಮರದ ನಾರಿನಿಂದಲೇ ಮಾಡಿದ್ದು. ಅದರ ಸರಪಳಿಗೆ ಎರಡು ಬಣ್ಣದ ಅಣುಗಳನ್ನು ರಾಸಾಯನಿಕವಾಗಿ ಹೆಣೆದರು, ನೀರಿನಲ್ಲಿ ತೊಳೆದು ಹೋಗದ ಹಾಗೆ. ಒಂದು, ಆಗಲೇ ಮೊಟ್ಟೆಯ ಚಿಪ್ಪಿನಲ್ಲಿ ಕಂಡ ಪ್ರೊಟೊಪಾರ್ಫಿರಿನ್, ಕೆಂಪು ಬೆಳಕಿನದು. ಇನ್ನೊಂದು ಫ್ಲೋರೆಸಿನ್ನಿನ ಒಂದು ರೂಪ. ಫ್ಲೋರೆಸಿನ್ ನಿಮಗೆ ಹೊಸದಲ್ಲ: ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ತಯಾರಿಸಿದ ಈ ಬಣ್ಣವನ್ನೇ ಕಣ್ಣಿನ ವೈದ್ಯರು ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟು, ಗೀರು ಎಲ್ಲಿದೆ ಎಂದು ಹುಡುಕುತ್ತಾರೆ. ಅದರ ಗುಣವೇನೆಂದರೆ ಹುಳಿಯಲ್ಲಿ ಮಂಕು, ಕ್ಷಾರದಲ್ಲಿ ಹಸಿರಾಗಿ ಧಗಧಗ.

ಈಗ ಪೆಟ್ಟಿಗೆಯೊಳಗೆ ನೋಡಿ. ಸಿಗಡಿ ತಾಜಾ ಇರುವಾಗ ನೇರಳೆ ಟಾರ್ಚಿನಡಿ ಪೊರೆ ಕೆಂಪಾಗಿ ಕಾಣುತ್ತದೆ. ಸಿಗಡಿ ಕೆಡಲು ತೊಡಗಿ ಅಮೈನ್ ಬಿಟ್ಟ ಹಾಗೆ ಫ್ಲೋರೆಸಿನ್ ಎಚ್ಚೆತ್ತು, ಕೆಂಪಿನೊಳಗೆ ಹಸಿರು ಬೆರೆಯುತ್ತಾ ಬಣ್ಣ ಹಸಿರಿನ ಕಡೆಗೆ ಸರಿಯುತ್ತದೆ. ಪ್ರೊಟೊಪಾರ್ಫಿರಿನ್ ಮಾತ್ರ ಇದ್ದ ಹಾಗೇ ಇರುತ್ತದೆ. ಯಕ್ಷಗಾನದಲ್ಲಿ ಭಾಗವತರ ದನಿ ಎಷ್ಟು ಏರಿತೆಂದು ಶ್ರುತಿಯ ಎದುರು ಇಟ್ಟು ಕೇಳುವಂತೆ, ಇಲ್ಲಿ ಹಸಿರು ಎಷ್ಟು ಏರಿತೆಂಬುದನ್ನು ಕದಲದ ಕೆಂಪಿನ ಎದುರು ಅಳೆಯಬಹುದು. ಟಾರ್ಚಿನ ಬ್ಯಾಟರಿ ಇಳಿದಿದ್ದರೂ, ಪೊರೆ ಒಂದು ಕಡೆ ತೆಳುವಾಗಿದ್ದರೂ ಎರಡೂ ಬಣ್ಣ ಒಟ್ಟಿಗೇ ಮಂಕಾಗುತ್ತವೆ. ಅವುಗಳ ಅನುಪಾತ ಕೆಡುವುದಿಲ್ಲ. ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳಾಗಿ ನೂತ ಪೊರೆಯಾದ್ದರಿಂದ ಗಾಳಿ ಒಳಹೊಕ್ಕು ಉತ್ತರ ಬೇಗ ಬರುತ್ತದೆ. ನಾನು ಓದಿದ ಇಂಥ ಕೆಲಸಗಳಲ್ಲಿ ಮನಸ್ಸಿಗೆ ತುಂಬಾ ಹಿಡಿಸಿದ್ದು ಇದು.

ಬೇರೆ ದಾರಿಗಳೂ ಇವೆ. ಸಾಮಾನ್ಯವಾಗಿ ಬೆಳಗುವ ಅಣುಗಳು ಒಂದರ ಮೇಲೊಂದು ಒತ್ತಿಕೊಂಡರೆ ನಂದಿಹೋಗುತ್ತವೆ. ಇದಕ್ಕೆ ತದ್ವಿರುದ್ಧವಾಗಿ ಗುಂಪುಗೂಡಿದಾಗಲೇ ಬೆಳಗುವ ಅಣುಗಳನ್ನು 2001ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬೆನ್ ಝೋಂಗ್ ಟಾಂಗ್ ಅವರ ತಂಡ ಗುರುತಿಸಿತು. ಕಾಗದದ ಮೇಲೆ ಒಣಗಿಸಿ ಇಡಬೇಕಾದ ಸೆನ್ಸರಿಗೆ ಇದಕ್ಕಿಂತ ಒಳ್ಳೆಯ ಗುಣ ಯಾವುದು? ಬಳಿಕ ಬಂದ ಒಂದು ಉಪಾಯದಲ್ಲಿ ಅಂಥ ಅಣುವಿನ ಬಾಯಿಗೆ ಅಸಿಟೈಲ್ ಬೀಗ ಹಾಕಿ ಕಾಗದಕ್ಕೆ ಹಚ್ಚುತ್ತಾರೆ. ಅಮೈನ್ ಬಂದು ಆ ಬೀಗ ಕಿತ್ತರೆ ಮಾತ್ರ ಬೆಳಕು.

ಈಗ ಈ ಪೊರೆಯನ್ನು ತಂದು ದಕ್ಕೆಯ ನೆಲದ ಮೇಲೆ ಇಡೋಣ. ಪ್ರಯೋಗಾಲಯದ ಮುಚ್ಚಿದ ಡಬ್ಬಿಯಲ್ಲಿ ನಾಲ್ಕು ಸಿಗಡಿ ಬೇರೆ, ಇಲ್ಲಿನ ಒದ್ದೆ ಬೇರೆ. ಕರಗುವ ಐಸು ಅಮೈನನ್ನು ತೊಳೆದುಕೊಂಡು ಹರಿಯುತ್ತದೆ, ಗಾಳಿ ಹಾರಿಸಿಕೊಂಡು ಹೋಗುತ್ತದೆ. ತೆರೆದ ಬುಟ್ಟಿಯ ಮೇಲೆ ಈ ಪೊರೆ ಇಟ್ಟರೆ ಅದು ಹೇಳುವುದು ಬುಟ್ಟಿಯ ಮಾತೋ, ಪಕ್ಕದ ಚರಂಡಿಯ ಮಾತೋ? ಹಗಲಾದರೆ ಬಿಸಿಲಿನಲ್ಲಿ ಟಾರ್ಚಿನ ಬೆಳಕೇ ಕಾಣದು. ತಾಟೆ (ಶಾರ್ಕ್), ತೊರಕೆಯಂಥ (ರೇ) ಮೀನುಗಳ ಮೈಯಲ್ಲಿ ಯೂರಿಯಾ ತುಂಬಿರುವುದರಿಂದ ಅವು ಬೇಗನೆ ಅಮೋನಿಯ ಬಿಡುತ್ತವೆ. ಸಿಗಡಿಗೆ ಹೊಂದಿಸಿದ ಪೊರೆ ತಿನ್ನಲು ಅಡ್ಡಿಯಿಲ್ಲದ ತಾಟೆಯನ್ನೂ ಕೆಟ್ಟದ್ದೆಂದು ಸಾರಬಹುದು. ಯುರೋಪಿನ ಕಾನೂನೂ ಎಲ್ಲ ಮೀನಿಗೆ ಒಂದೇ ಗೆರೆ ಎಳೆದಿಲ್ಲ: ಆವಿಯಾಗುವ ಕ್ಷಾರ ಸಾರಜನಕ 100 ಗ್ರಾಂ ಮಾಂಸದಲ್ಲಿ 25ರಿಂದ 35 ಮಿಲಿಗ್ರಾಂ, ಮೀನಿನ ಗುಂಪಿಗೆ ತಕ್ಕಂತೆ.

ಇನ್ನು ಫಾರ್ಮಲಿನ್. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ‘ಆಪರೇಷನ್ ಸಾಗರ ರಾಣಿ’ ನಡೆಸಿ ಫಾರ್ಮಲಿನ್ ಬೆರೆತ ಟನ್ನುಗಟ್ಟಲೆ ಮೀನು ಹಿಡಿದಾಗ ಗೋವಾದಿಂದ ಕನ್ಯಾಕುಮಾರಿವರೆಗೆ ಮೀನು ಕೊಳ್ಳುವವರು ಬೆಚ್ಚಿದ್ದರು. ಫಾರ್ಮಲಿನ್ನಿನಲ್ಲಿರುವ ಫಾರ್ಮಲ್‌ಡಿಹೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅಷ್ಟೇ ಅಲ್ಲ, ಅಮೋನಿಯ ಮತ್ತು ಹಲವು ಅಮೈನುಗಳ ಜೊತೆ ತಾನೇ ಕೂಡಿಕೊಂಡು ಅವನ್ನು ಅಡಗಿಸುತ್ತದೆ. ಅಮೈನ್ ಒಂದನ್ನೇ ಹುಡುಕುವ ಪೊರೆ ಅಂಥ ಮೀನನ್ನು ‘ತಾಜಾ’ ಎಂದು ಹರಸುವ ಅಪಾಯವಿದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದೇ ವರ್ಷದ ಹೊತ್ತಿಗೆ ಹೊರತಂದ ಬಣ್ಣದ ಪಟ್ಟಿಗಳಲ್ಲಿ ಅಮೋನಿಯಕ್ಕೆ ಒಂದು, ಫಾರ್ಮಲಿನ್ನಿಗೆ ಇನ್ನೊಂದು ಇದ್ದದ್ದು ತಕ್ಕದ್ದೇ. ಬೆಳಗುವ ಪೊರೆಗೂ ಅಂಥ ಜೊತೆ ಬೇಕು.

ಎಲ್ಲಕ್ಕಿಂತ ದೊಡ್ಡ ಕುರುಡು ಹಿಸ್ಟಮಿನ್ನಿನದು. ಬಂಗುಡೆ, ಬೂತಾಯಿ, ಕೇದರದ (ಟ್ಯೂನ) ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಧಾರಾಳ. ಹಿಡಿದ ಮೀನು ಐಸಿಲ್ಲದೆ ಬಿಸಿಲಿನಲ್ಲಿ ಕೆಲವು ಗಂಟೆ ಬಿದ್ದರೆ ಬ್ಯಾಕ್ಟೀರಿಯಾ ಆ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಮಾಡಿಬಿಡುತ್ತದೆ. ತಿಂದವರಿಗೆ ಮುಖ ಕೆಂಪೇರುವುದು, ತಲೆನೋವು, ಎದೆ ಡವಡವ, ಮೈಯೆಲ್ಲ ತುರಿಕೆ. ‘ಮೀನು ಅಲರ್ಜಿ’ ಎಂದು ತಪ್ಪಾಗಿ ತಿಳಿಯುವವರೇ ಹೆಚ್ಚು. ಹಿಸ್ಟಮಿನ್ನಿಗೆ ವಾಸನೆ ಇಲ್ಲ, ಅದು ಗಾಳಿಗೆ ಹಾರುವುದೂ ಇಲ್ಲ. ಮೂಗಿಗೂ ಸಿಗದು, ಪೆಟ್ಟಿಗೆಯ ಗಾಳಿ ಮೂಸುವ ಪೊರೆಗೂ ಸಿಗದು. ಅದನ್ನು ಹಿಡಿಯಲು ಮಾಂಸವನ್ನೇ ಅರೆದು ಸತ್ವ ತೆಗೆಯಬೇಕು. ಅಲ್ಲಿಯೂ ಕೈಹಿಡಿದದ್ದು ಪ್ರತಿದೀಪ್ತಿಯೇ: ಆರ್ಥೊಫ್ತಾಲ್‌ಡಿಹೈಡ್ ಸೇರಿಸಿದರೆ ಹಿಸ್ಟಮಿನ್ ಬೆಳಗುತ್ತದೆ ಎಂಬ ವಿಧಾನ ಬಂದದ್ದು 1959ರಲ್ಲಿ, ಕೆ ಮೌಲ್ಯ ಬಂದ ವರ್ಷದಲ್ಲೇ. ಇಂದಿಗೂ ಅದು ಮಾನ್ಯತೆ ಪಡೆದ ಪ್ರಯೋಗಾಲಯ ಪರೀಕ್ಷೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಕಿಲೋಗೆ 200 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಈ ಅಳತೆಯನ್ನು ಹನಿ ರಸದಲ್ಲಿ ಅದ್ದುವ ಪಟ್ಟಿಗೆ ಇಳಿಸುವ ಕೆಲಸವೇ ನಮ್ಮ ಕರಾವಳಿಗೆ ಸಿಗಡಿಯ ಪೊರೆಗಿಂತ ಹೆಚ್ಚು ಬೇಕಾದದ್ದು. ದಿನಾ ಊಟದ ತಟ್ಟೆಗೆ ಬೀಳುವುದು ಬಂಗುಡೆ, ಬೂತಾಯಿ ತಾನೆ?

ಇಂಥ ಪೊರೆ ಅಗ್ಗವಾಗಿ ಸಿಗುವ ದಿನ ಬಂದರೆ ಅದನ್ನು ಮೊದಲು ಯಾರ ಮುಂದೆ ಹಿಡಿಯುತ್ತೇವೆ? ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟು ಕೂತ ಹೆಂಗಸಿನ ಮುಂದೆ ಎಂಬುದು ನನ್ನ ಭಯ. ಟಾರ್ಚು ಬಿಟ್ಟು, ಹಸಿರು ಕಂಡು, ಬೈದು, ಮೊಬೈಲಿನಲ್ಲಿ ವೀಡಿಯೊ ಮಾಡಿ ಹೋಗುವುದು ಸುಲಭ. ಆದರೆ ಮೀನಿನ ವಯಸ್ಸಿನ ಹೆಚ್ಚಿನ ಪಾಲು ಅವಳ ಕೈಗೆ ಬರುವ ಮೊದಲೇ ಕೂಡಿರುತ್ತದೆ: ಐಸು ಸಾಲದೆ ಹೋದ ಬೋಟಿನ ತಳದಲ್ಲಿ, ಏಲಂ ಮುಗಿಯುವವರೆಗೆ ನೆಲದ ಮೇಲೆ, ಕೆಟ್ಟು ನಿಂತ ಲಾರಿಯಲ್ಲಿ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಬೇಕೆನ್ನುತ್ತಾರೆ. ಎಷ್ಟು ಪೆಟ್ಟಿಗೆಯಲ್ಲಿ ಅಷ್ಟು ಕಾಣುತ್ತದೆ?

ಹಾಗಾಗಿ ಪೊರೆಯ ಜಾಗ ಬೋಟಿನಿಂದ ಇಳಿಯುವ ಪೆಟ್ಟಿಗೆ. ತಳದ್ದು, ಮೇಲಿನದ್ದು ಅಲ್ಲೇ ಬೇರೆಯಾಗಲಿ. ಯಾವುದು ಹಸಿ ಮಾರಾಟಕ್ಕೆ, ಯಾವುದು ಫಿಶ್‌ಮೀಲ್ ಕಾರ್ಖಾನೆಗೆ ಎಂದು ಬೆಲೆ ಕೂಗುವ ಮೊದಲೇ ತಿಳಿಯಲಿ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ಮಂಗಳೂರಿನಲ್ಲೇ. ಬಂಗುಡೆಗೆ, ಬೂತಾಯಿಗೆ, ತಾಟೆಗೆ ಬೇರೆ ಬೇರೆ ಗೆರೆ ಎಳೆದು, ಒದ್ದೆಯಲ್ಲಿ, ಸೆಕೆಯಲ್ಲಿ, ದಕ್ಕೆಯ ಮೇಲೇ ಪರೀಕ್ಷಿಸುವ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಮನೆ ಇಲ್ಲ. ಎರಡು ತಿಂಗಳ ರಜೆ ಮುಗಿದು ಬೋಟುಗಳು ಇಳಿಯುವ ಆಗಸ್ಟು ಅದಕ್ಕೆ ಒಳ್ಳೆಯ ಮುಹೂರ್ತ.

ಅಲ್ಲಿಯವರೆಗೆ ಕೊಳ್ಳುವವರು ನೆನಪಿಡಬೇಕಾದದ್ದು ಇಷ್ಟು. ಬಂಗುಡೆ, ಬೂತಾಯಿ, ಕೇದರ ಕೊಂಡರೆ ದಾರಿಯುದ್ದಕ್ಕೂ ಐಸಿನಲ್ಲಿರಲಿ, ಮನೆಗೆ ಬಂದ ಕೂಡಲೇ ಫ್ರಿಜ್ಜಿಗೆ ಹೋಗಲಿ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ತಿನ್ನುವಾಗ ಮಸಾಲೆಯದ್ದಲ್ಲದ ಚುರುಚುರು ನಾಲಿಗೆಗೆ ತಾಗಿದರೆ ಆ ಮೀನನ್ನು ಅಲ್ಲಿಗೇ ಬಿಡಿ. ಮುಖ ಕೆಂಪೇರಿ ಎದೆ ಬಡಿತ ಹೆಚ್ಚಿದರೆ ವೈದ್ಯರ ಬಳಿ ಹೋಗಿ, ಯಾವ ಮೀನು ತಿಂದಿರಿ ಎಂಬುದನ್ನೂ ಹೇಳಿ.